ಮುಂದಿನ ವರ್ಷದ ಮಡಿಕೆ

ಆ ದರ್ಜಿಗೆ ಟೇಪು ಬೇಕಾಗಿಯೇ ಇರಲಿಲ್ಲ, ಶಾಸ್ತ್ರಕ್ಕೆ ಕೊರಳಲ್ಲಿ ನೇತು ಹಾಕಿಕೊಳ್ಳುತ್ತಿದ್ದ ಅಷ್ಟೆ. ಗಿರಾಕಿ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವನ ಕಣ್ಣು ಭುಜ, ಎದೆ, ಸೊಂಟ, ತೋಳು ಎಲ್ಲವನ್ನೂ ಅಳೆದು ಮುಗಿಸಿರುತ್ತಿತ್ತು. ನಿಮ್ಮ ಎಡಭುಜ ಬಲಭುಜಕ್ಕಿಂತ ಕಾಲಿಂಚು ಇಳಿದಿದೆ ಎಂದು ಅವನು ಹೇಳಿದರೆ, ಐವತ್ತು ವರ್ಷ ಆ ಭುಜ ಹೊತ್ತು ತಿರುಗಿದವರು ಕೂಡ ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದರು. ಇಂಥ ಕಣ್ಣಿನವನಿಗೆ ಸ್ವಂತ ಮಗಳು ಎಂಟು ತಿಂಗಳಿನಿಂದ ಎದುರಿಗೇ ಕರಗುತ್ತಿರುವುದು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದು ಗಾದೆ ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಅವನಿಗೆ ಕಂಡಿತ್ತು. ಕಂಡದ್ದನ್ನು ಅಳೆದು, ಪುಸ್ತಕದಲ್ಲಿ ಬರೆದು, ಅದಕ್ಕೆ ಸರಿಯಾಗಿ ಹೊಲಿದೂ ಕೊಟ್ಟಿದ್ದ. ಆ ಹುಡುಗಿ ಉಳಿಯುತ್ತಾಳೋ ಇಲ್ಲವೋ ಎನ್ನುವುದು ಕಡೆಗೆ ಎರಡಿಂಚು ಬಟ್ಟೆಗೆ ಬಂದು ನಿಂತಿತು. ಅದು ಹೇಗೆ ಎನ್ನುವುದೇ ಈ ಕತೆ.

ಅಂಗಡಿ ಮನೆಯ ಮುಂದಿನ ಕೋಣೆಯಲ್ಲಿತ್ತು. ಉದ್ದದ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಶಾಲೆಯ ಸಮವಸ್ತ್ರ. ಮೂರು ಶಾಲೆಗಳ ಮಕ್ಕಳಿಗೆ ಅವನೇ ಹೊಲಿಯುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕೂತು ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು. ಬಾಯಲ್ಲಿ ದಾರ ಕಡಿಯುವಾಗ ಬಿಟ್ಟರೆ ಮಿಕ್ಕ ಹೊತ್ತು ಆ ಬಾಯಿಗೆ ಬಿಡುವಿರುತ್ತಿರಲಿಲ್ಲ. ಬೀದಿಯ ಆ ಕೊನೆಯಲ್ಲಿ ಸಿದ್ಧ ಉಡುಪಿನ ಅಂಗಡಿಯೊಂದು ಗಾಜಿನ ಬಾಗಿಲು ಹಾಕಿಕೊಂಡು ಬಂದ ಮೇಲೂ ತಾಯಂದಿರು ಇವನ ಹತ್ತಿರವೇ ಬರುತ್ತಿದ್ದರು. ಕಾರಣ ಒಂದೇ. ಅವನು ಮಕ್ಕಳ ಯಾವ ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸಿ ಮುಗಿಸುತ್ತಿರಲಿಲ್ಲ. ಅಂಚಿನಲ್ಲಿ ಎರಡಿಂಚು ಒಳಗೆ ಮಡಿಚಿ ಹೊಲಿಯುತ್ತಿದ್ದ. ಮಗು ಬೆಳೆದ ಹಾಗೆ ಬಿಚ್ಚಿ ಇಳಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ. ಅಪ್ಪನಿಂದ ಕಲಿತ ಕೆಲಸ ಅದು. ಮುಗಿದ ಬಟ್ಟೆಯನ್ನು ಕೊಡುವಾಗ ಆ ಮಡಿಕೆಯನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿ, ಪ್ರತಿ ಮಗುವಿಗೂ ಒಂದೇ ಮಾತು ಹೇಳುತ್ತಿದ್ದ: "ನೋಡು, ಇದು ಮುಂದಿನ ವರ್ಷದ್ದು." ಬೇಕೇ ಬೇಡವೇ ಎಂದು ಅವನು ಯಾರನ್ನೂ ಕೇಳಿದವನಲ್ಲ. ಮಗು ಎಂದ ಮೇಲೆ ಮುಂದಿನ ವರ್ಷ ಇದ್ದೇ ಇರುತ್ತದೆ, ಅದರಲ್ಲಿ ಕೇಳುವುದೇನು?

ಮಗಳಿಗೆ ಹದಿನೈದು ವರ್ಷ. ಮನೆಯಲ್ಲಿ ಅವಳನ್ನು ಗುಂಡಿ ಎಂದು ಕರೆಯುತ್ತಿದ್ದರು. ಮೂರು ವರ್ಷದವಳಿದ್ದಾಗ ಗಿರಾಕಿಯೊಬ್ಬರ ಕೋಟಿನ ಹಿತ್ತಾಳೆ ಗುಂಡಿಯನ್ನು ನುಂಗಿಬಿಟ್ಟಿದ್ದಳು. ಎರಡು ದಿನ ಅಪ್ಪ ಅಮ್ಮ ಇಬ್ಬರೂ ಬೇರೆ ಕೆಲಸ ಬಿಟ್ಟು ಅದರ ದಾರಿ ಕಾದರು. ಮೂರನೆಯ ದಿನ ಅದು ಬಂತು. ಅಂಥ ಗುಂಡಿ ಬೇರೆಲ್ಲೂ ಸಿಗದೆ, ಅದನ್ನೇ ತೊಳೆದು, ಕುದಿಸಿ, ಮತ್ತೆ ತೊಳೆದು ಅದೇ ಕೋಟಿಗೆ ಹೊಲಿದು ಕೊಟ್ಟರು. ಆ ಕೋಟಿನ ಯಜಮಾನ ಇವತ್ತಿಗೂ ಅದನ್ನು ತೊಟ್ಟು ಎದೆಯುಬ್ಬಿಸಿಕೊಂಡು ಅಂಗಡಿಯ ಮುಂದೆ ಹಾದು ಹೋಗುತ್ತಾನೆ. ಅವನು ಹಾದು ಹೋಗುವಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ, ನೋಡಿದರೆ ಕೆಟ್ಟರು. ಎಲ್ಲರಿಗಿಂತ ಮೊದಲು ನಗು ಒಡೆಯುತ್ತಿದ್ದವಳು ಗುಂಡಿಯೇ. ಆ ಹೆಸರಿನ ಅಭಿಮಾನಕ್ಕೋ ಏನೋ, ಅಂಗಡಿಯಲ್ಲಿ ಬಿದ್ದ ಒಂಟಿ ಗುಂಡಿಗಳನ್ನೆಲ್ಲ ಆರಿಸಿ ಒಂದು ಗಾಜಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಯಂತ್ರದ ಸದ್ದಿಗೆ ತಾಳ ಸೇರಿಸಿ ಸಿಳ್ಳೆ ಹಾಕುತ್ತಿದ್ದಳು. ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದು ಎಂದು ತಾಯಿ ಬೈದರೆ, "ಹಾಗಾದ್ರೆ ಕುಕ್ಕರಿಗೂ ಹೇಳು" ಎನ್ನುತ್ತಿದ್ದಳು.

ಸಿಳ್ಳೆ ಯಾವಾಗ ನಿಂತಿತು ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಬೈದು ಬೈದು ನಿಲ್ಲಿಸಬೇಕೆಂದಿದ್ದುದು ತಾನಾಗಿ ನಿಂತರೆ ಯಾರು ತಾರೀಖು ಬರೆದಿಡುತ್ತಾರೆ? ಶಾಲೆಯಿಂದ ಬಂದವಳು ಮಾಳಿಗೆಯ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ. ಗೆಳತಿಯರು ಬಂದರೆ ತಲೆನೋವು. ಮೊದಲ ಹತ್ತರಲ್ಲಿದ್ದವಳು ಎರಡು ವಿಷಯದಲ್ಲಿ ಅರ್ಧಕ್ಕಿಂತ ಕೆಳಗಿಳಿದಳು. ಕೇಳಿದರೆ, "ಓದ್ತೀನಿ, ತಲೆಗೆ ಹೋಗಲ್ಲ" ಅಂದಳು. ಕೋಟಿನ ಯಜಮಾನ ಒಂದು ದಿನ ಮುಂದೆ ಹಾದು ಹೋದ. ಅಪ್ಪ ಮಗಳ ಕಡೆ ನೋಡಿದ, ಅವಳು ನೆಲ ನೋಡುತ್ತಿದ್ದಳು.

"ವಯಸ್ಸಿಗೆ ಬರೋ ಮಕ್ಕಳು ಹಾಗೇ," ಎಂದಳು ಹೆಂಡತಿ. "ಗಾಂಭೀರ್ಯ ಬಂದಿದೆ. ಒಳ್ಳೇದೇ ಆಯ್ತು. ಮಾತು ಬೆಳ್ಳಿ, ಮೌನ ಬಂಗಾರ."

ಈ ಗಾದೆಯನ್ನು ಮಾಡಿದವರು ಮನೆಯಲ್ಲಿ ಹದಿನೈದು ವರ್ಷದ ಮಗುವನ್ನು ಇಟ್ಟುಕೊಂಡು ಮಾಡಿರಲಿಕ್ಕಿಲ್ಲ.

ದರ್ಜಿ ಮಾಡಿದ ತಪ್ಪು ಇನ್ನೊಂದು ಬಗೆಯದು, ದರ್ಜಿಯೇ ಮಾಡಬಹುದಾದದ್ದು. ಲಂಗ ಸೊಂಟದಲ್ಲಿ ಸಡಿಲವಾಗುತ್ತಿದೆ ಎಂದು ಮಗಳು ಮೊದಲ ಸಲ ತಂದಾಗ ಒಂದಿಂಚು ಹಿಡಿದು ಹೊಲಿದು ಕೊಟ್ಟ. ಎತ್ತರ ಬೆಳೆಯುತ್ತಿದ್ದಾಳೆ, ಸೊಂಟ ಇಳಿಯುವುದು ಸಹಜ ಎಂದುಕೊಂಡ. ಮೂರು ತಿಂಗಳಿಗೆ ಮತ್ತೆ ತಂದಳು. ಈ ಸಲ ಒಂದೂವರೆ ಇಂಚು. ಹಿಡಿದದ್ದು ಹೊರಗೆ ಒಂದಿಷ್ಟೂ ಕಾಣದ ಹಾಗೆ ಬದಿಯ ಹೊಲಿಗೆ ಪೂರ್ತಿ ಬಿಚ್ಚಿ, ನೆರಿಗೆಗಳನ್ನು ಮತ್ತೆ ಹಂಚಿ, ಇಸ್ತ್ರಿ ಹೊಡೆದು, ಬೆಳಕಿಗೆ ಹಿಡಿದು ನೋಡಿ ತನ್ನ ಕೈಗೆ ತಾನೇ ಶಭಾಷ್ ಹೇಳಿಕೊಂಡ. ಮಗು ಸೊರಗಿದ್ದನ್ನು ಅಷ್ಟು ಚೆಂದವಾಗಿ ಮುಚ್ಚಿಟ್ಟವರು ಇನ್ನೊಬ್ಬರಿಲ್ಲ. ಶಾಲೆಯ ಟೀಚರುಗಳಿಗೂ ಗೊತ್ತಾಗಲಿಲ್ಲ, ಬಟ್ಟೆ ಮೈಗೆ ಸರಿಯಾಗಿ ಕೂತಿದ್ದರೆ ಒಳಗಿನ ಮೈಯನ್ನು ಯಾರು ನೋಡುತ್ತಾರೆ?

ಶಾಲೆಗಳು ಮತ್ತೆ ಶುರುವಾಗಲು ಹದಿನೈದು ದಿನವಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಊಟ ನಿಂತೇ ಆಗುತ್ತಿತ್ತು. ಊರಿನ ಮಕ್ಕಳದೆಲ್ಲ ಅರ್ಧ ಆದ ಮೇಲೆ ಮಗಳನ್ನು ಕೆಳಗೆ ಕರೆದು ಅಳತೆಯ ಮಣೆಯ ಮೇಲೆ ನಿಲ್ಲಿಸಿದ.

"ಉಸಿರು ಬಿಡು."

"ಬಿಟ್ಟೇ ಇದೀನಿ ಅಪ್ಪ."

ಸೊಂಟ ಇಪ್ಪತ್ತನಾಲ್ಕಿಂಚು ಬಂತು. "ಓಹೋ, ಈ ಸಲ ನಿನ್ನಿಂದ ಬಟ್ಟೆ ಉಳೀತು," ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ. ಉದ್ದ ಅಳೆದು, "ಮಡಿಕೆ ಎರಡು" ಎಂದು ತನ್ನಷ್ಟಕ್ಕೆ ಗೊಣಗಿಕೊಂಡು ಬರೆಯಹೋದ.

"ನನ್ನದಕ್ಕೆ ಮಡಿಕೆ ಬಿಡಬೇಡ."

"ಯಾಕೆ?"

"ಸುಮ್ನೆ ಬಟ್ಟೆ ದಂಡ. ಆ ಪಟ್ಟಿ ಬೇರೆ ಮಕ್ಕಳ ಜೇಬಿಗೋ ಬೆಲ್ಟಿಗೋ ಆಗುತ್ತೆ."

"ಇನ್ನೂ ಮೂರು ವರ್ಷ ಇದೆಯಲ್ಲೇ ನಿಂಗೆ ಶಾಲೆ. ಉದ್ದ ಆಗ್ತೀಯ."

"ಆಗಲ್ಲ ಬಿಡಪ್ಪ," ಎಂದು ಮಣೆಯಿಂದ ಇಳಿದು, ಮೆಟ್ಟಿಲು ಹತ್ತಿ ಹೋದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಬಹಳ ದಿನದ ಮೇಲೆ ಅವಳ ಮುಖ ಸಮಾಧಾನವಾಗಿದೆ ಎಂದು ಅಪ್ಪನಿಗೆ ಅನಿಸಿತು, ಅದರಿಂದ ಅವನಿಗೆ ಖುಷಿಯೂ ಆಯಿತು. ಹುಡುಗಿಯರ ಎತ್ತರ ಹದಿನೈದಕ್ಕೆ ನಿಲ್ಲುವುದುಂಟು. ದರ್ಜಿಯ ಮಗಳು, ಲೆಕ್ಕ ತಿಳಿದವಳು ಎಂದುಕೊಂಡ. ಕತ್ತರಿ ತೆಗೆದುಕೊಂಡು ಎರಡಿಂಚಿನ ಪಟ್ಟಿಯನ್ನು ಈ ಕೊನೆಯಿಂದ ಆ ಕೊನೆಗೆ ಕತ್ತರಿಸಿದ. ಮಕ್ಕಳ ಬಟ್ಟೆಯಲ್ಲಿ ಅವನು ಅದನ್ನು ಕತ್ತರಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯಾಕೆ ತನ್ನ ಆರು ವರ್ಷದ ಮಗಳನ್ನು ಅಳತೆಗೆ ಕರೆತಂದಳು. ಮಗು ಎದೆಗೆ ಏನನ್ನೋ ಅವಚಿಕೊಂಡು ಬಂದಿತ್ತು. ಮಣೆ ಹತ್ತಿ ನಿಂತರೂ ಅದನ್ನು ಕೆಳಗಿಡಲು ಒಪ್ಪಲಿಲ್ಲ.

"ಕೈ ಎತ್ತಬೇಕು ಪುಟ್ಟಾ, ಅದನ್ನ ಅಮ್ಮನಿಗೆ ಕೊಡು."

"ಕೊಡಲ್ಲ. ಗುಂಡಿ ಅಕ್ಕ ನಂಗೇ ಕೊಟ್ಟಿದ್ದು. ಅಕ್ಕಂಗೆ ಇನ್ಮೇಲೆ ಬೇಡವಂತೆ."

ಗಾಜಿನ ಡಬ್ಬಿ. ಹನ್ನೆರಡು ವರ್ಷದ ಒಂಟಿ ಗುಂಡಿಗಳು.

"ನಾನೂ ಬೇಡ ಅಂದೆ," ಎಂದಳು ಪಕ್ಕದ ಮನೆಯಾಕೆ. "ಅವಳು ಕೇಳಲೇ ಇಲ್ಲ, ಇಟ್ಕೋಳಿ ಅಂತ ಬಲವಂತ ಮಾಡಿದ್ಲು. ಎಷ್ಟು ಒಳ್ಳೆ ಮನಸ್ಸು! ಅಣ್ಣಾ, ಇವಳದಕ್ಕೆ ಮಡಿಕೆ ಸ್ವಲ್ಪ ಜಾಸ್ತೀನೇ ಬಿಡಿ, ಮುಂದಿನ ವರ್ಷಕ್ಕೆ ಇವಳು ಎಲ್ಲಿರ್ತಾಳೋ!"

ದರ್ಜಿಯ ಕೈ ಟೇಪಿನ ಮೇಲೆ ನಿಂತಿತು. ಮೇಜಿನ ಅಂಚಿನಲ್ಲಿ ನಿನ್ನೆ ಕತ್ತರಿಸಿದ ಪಟ್ಟಿ ಜೋತು ಬಿದ್ದಿತ್ತು. ಡಬ್ಬಿ ನೋಡಿದ, ಪಟ್ಟಿ ನೋಡಿದ. ಆಮೇಲೆ ಅವನಿಗೆ ನೆನಪಾದದ್ದು ಒಂದು ಸೈಕಲ್ಲು.

ಅವನಿಗೆ ಒಬ್ಬ ಅಣ್ಣನಿದ್ದ. ಹದಿನೇಳು ವರ್ಷದವನು. ಒಂದು ಸಂಜೆ ಆ ಅಣ್ಣ ತನ್ನ ಸೈಕಲ್ಲನ್ನು ಒರೆಸಿ, ಗಾಳಿ ತುಂಬಿಸಿ, ಹನ್ನೆರಡು ವರ್ಷದ ತಮ್ಮನ ಕೈಗೆ ಕೊಟ್ಟು, "ಇನ್ಮೇಲೆ ಇದು ನಿಂದೇ ಕಣೋ" ಅಂದಿದ್ದ. ತಮ್ಮ ಕುಣಿದಾಡಿಬಿಟ್ಟ. ಯಾಕೆ ಎಂದು ಕೇಳಲಿಲ್ಲ. ಸೈಕಲ್ಲು ಸಿಕ್ಕ ಹುಡುಗ ಯಾಕೆ ಕೇಳುತ್ತಾನೆ? ಮೂರನೆಯ ದಿನ ಅಣ್ಣ ಇರಲಿಲ್ಲ. ಜ್ವರ ಬಂದು ಹೋದ ಎಂದು ಅಪ್ಪ ಬೀದಿಗೆ ಹೇಳಿದ. ಹೇಳುತ್ತ ಹೇಳುತ್ತ ಮನೆಯೂ ಅದನ್ನೇ ನಂಬಿದ ಹಾಗೆ ನಡೆದುಕೊಂಡಿತು. ಅಪ್ಪನ ಹಳೆಯ ಅಳತೆ ಪುಸ್ತಕದಲ್ಲಿ ಒಂದು ಹಾಳೆಯ ಮೇಲೆ ಬಿಳಿ ಹಾಳೆ ಅಂಟಿಸಿತ್ತು. ಬೆಳಕಿಗೆ ಹಿಡಿದರೆ ಅಡಿಯಲ್ಲಿ ಅಣ್ಣನ ಎದೆ, ಭುಜ, ತೋಳು ಕಾಣುತ್ತಿತ್ತು. ಈ ಮಾತನ್ನು ದರ್ಜಿ ಹೆಂಡತಿಗೂ ಹೇಳಿರಲಿಲ್ಲ.

ಮಗುವಿನ ಅಳತೆಯನ್ನು ಹೇಗೋ ಮುಗಿಸಿ ಕಳಿಸಿ, ತನ್ನ ಪುಸ್ತಕ ತೆರೆದ. ಮಗಳ ಹೆಸರಿನ ಕೆಳಗೆ ಸೊಂಟದ ಅಳತೆ, ಪಕ್ಕದಲ್ಲಿ ತಾರೀಖು. ಇಪ್ಪತ್ತೇಳೂವರೆ. ಇಪ್ಪತ್ತಾರೂವರೆ. ಇಪ್ಪತ್ತೈದು. ಇಪ್ಪತ್ತನಾಲ್ಕು. ಎಲ್ಲ ಅವನದೇ ಅಕ್ಷರ, ದುಂಡಗೆ, ಒಂದೂ ಚಿತ್ತಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ; ಇವನು ಕನ್ನಡಿಯನ್ನೂ ಕೈಯಲ್ಲೇ ಇಟ್ಟುಕೊಂಡು ಕೂತಿದ್ದ. ಪುಸ್ತಕವನ್ನು ಮುಚ್ಚದೆಯೇ ಹೆಂಡತಿಯ ಮುಂದೆ ತಂದಿಟ್ಟ.

"ಏನಾಯ್ತ್ರೀ?" ಎಂದಳು ಹೆಂಡತಿ, ಬಾಯಲ್ಲಿದ್ದ ದಾರ ತೆಗೆದು.

ಹೇಳಿದ. ಡಬ್ಬಿ, ಪಟ್ಟಿ, ಪುಸ್ತಕ. ಸೈಕಲ್ಲಿನ ವಿಷಯ ಮಾತ್ರ ಹೇಳಲಿಲ್ಲ. "ಮೇಲೆ ಹೋಗಿ ಕೇಳ್ತೀನಿ."

ಅವಳು ಸೂಜಿ ಕೆಳಗಿಟ್ಟಳು. "ಏನಂತ ಕೇಳ್ತೀರಾ? ಅಂಥ ಮಾತನ್ನ ಬಾಯಲ್ಲಿ ಆಡ್ತಾರಾ? ಇಲ್ಲದ್ದನ್ನ ಅವಳ ತಲೆಗೆ ನೀವೇ ತುಂಬಿದ ಹಾಗಾಗುತ್ತೆ!"

"ಇಲ್ಲದೇ ಇದ್ರೆ ಅವಳು ನಂಗೆ ತಲೆ ಕೆಟ್ಟಿದೆ ಅಂತಾಳೆ. ಅನ್ನಲಿ. ಇದ್ರೆ?"

ದರ್ಜಿ ಎದ್ದು ಹೋಗಿ ಬಾಗಿಲ ಶಟರು ಎಳೆದ. ಹಾಡುಹಗಲು, ಸಮವಸ್ತ್ರದ ಹದಿನೈದು ದಿನಗಳ ನಡುವೆ, ಆ ಶಟರು ಅವನ ಅಪ್ಪನ ಕಾಲದಿಂದ ಒಮ್ಮೆಯೂ ಇಳಿದಿರಲಿಲ್ಲ.

ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಿಟಕಿಯ ಪರದೆ ಎಳೆದಿತ್ತು, ಮೇಜಿನ ಮೇಲೆ ಬೆಳಗಿನ ಹಾಲು ಕೆನೆ ಕಟ್ಟಿಕೊಂಡು ಹಾಗೇ ಇತ್ತು. ದರ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತ. ಪಟ್ಟಿಯನ್ನು ತಿಳಿಯದೆಯೇ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ಅದನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಗುಂಡೀ."

"ಹ್ಞೂಂ."

"ನಿಂಗೆ ಸಾಯಬೇಕು ಅನ್ಸುತ್ತಾ?"

ಕೋಣೆಯಲ್ಲಿ ಏನೂ ಬೀಳಲಿಲ್ಲ, ಏನೂ ಒಡೆಯಲಿಲ್ಲ. ಕೆಳಗೆ ಯಾರೋ ಶಟರು ತಟ್ಟಿ ಸುಮ್ಮನಾದರು. ಮಗಳ ಬೆನ್ನು ಗಟ್ಟಿಯಾದದ್ದು ಅವನಿಗೆ ಕಂಡಿತು.

"ಯಾರು ಹೇಳಿದ್ರು?" ಎಂದಳು, ಗೋಡೆಯ ಕಡೆಗೇ ಮುಖ ಮಾಡಿ.

"ಯಾರೂ ಹೇಳಲಿಲ್ಲ. ಈ ಬಟ್ಟೆ ಹೇಳ್ತು. ನಿನ್ನೆ ಹೇಳಿತ್ತು. ನಾನು ದಡ್ಡ, ಕತ್ತರಿಸಿಬಿಟ್ಟೆ."

ಅವಳು ತಿರುಗಿದಳು. ಅಪ್ಪನ ಬೆರಳಿಗೆ ಸುತ್ತಿದ್ದ ಪಟ್ಟಿ ನೋಡಿದಳು. ಮುಖದಲ್ಲಿ ನಿನ್ನೆಯ ಸಮಾಧಾನ ಇರಲಿಲ್ಲ. ಬಾಯಿ ವಕ್ರವಾಯಿತು, ಅಳುವುದಕ್ಕೂ ಆಗದೆ ಉಸಿರು ಮಾತ್ರ ಜೋರಾಗಿ ಬಂತು. "ಹೌದು," ಎಂದಳು. "ಅನ್ಸುತ್ತೆ. ತುಂಬಾ ದಿನದಿಂದ."

ಅವನ ಬಾಯಿಗೆ ಸಾಲಾಗಿ ಮಾತು ಬಂದು ನಿಂತವು. ನಿಂಗೇನು ಕಡಿಮೆ ಮಾಡಿದೀವಿ. ನಾವೆಲ್ಲ ನಿನಗೋಸ್ಕರ ಅಲ್ವಾ ದುಡಿಯೋದು. ಈ ವಯಸ್ಸಲ್ಲಿ ನಿಂಗೆಂಥಾ ಕಷ್ಟ. ಅಪ್ಪಂದಿರ ಬಾಯಿಗೆ ಸಿದ್ಧವಾಗಿಯೇ ಇರುವ ಮಾತುಗಳು ಇವು, ಒಂದನ್ನೂ ಹೊಸದಾಗಿ ಹೊಲಿಯಬೇಕಾಗಿಲ್ಲ. ಎಲ್ಲವನ್ನೂ ನುಂಗಿಕೊಂಡು ಕೇಳಿದ: "ಏನಾಯ್ತು ಮಗಾ?"

"ಏನೂ ಆಗಿಲ್ಲ ಅಪ್ಪ. ಅದೇ ಕಷ್ಟ. ಏನಾದ್ರೂ ಆಗಿದ್ರೆ ಬಂದು ಹೇಳ್ತಿದ್ದೆ. ಯಾರೂ ಏನೂ ಮಾಡಿಲ್ಲ. ಬೆಳಿಗ್ಗೆ ಎದ್ರೆ ಒಳಗೆಲ್ಲಾ ಖಾಲಿ. ಹಲ್ಲುಜ್ಜೋಕೂ ಬೆಟ್ಟ ಹತ್ತಿದ ಹಾಗೆ. ನೀವು ನಗ್ತಿದ್ರೆ, ಇವರು ಚೆನ್ನಾಗಿದಾರೆ, ನಾನೊಬ್ಬಳು ಮಧ್ಯ ಭಾರ ಅನ್ಸುತ್ತೆ. ನಾನಿಲ್ದೇ ಇದ್ರೆ ಸ್ವಲ್ಪ ದಿನ ಅಳ್ತೀರ, ಆಮೇಲೆ ಸರಿ ಹೋಗ್ತೀರ ಅಂತ."

ಆಗ ಅವನು ಸೈಕಲ್ಲಿನ ಕತೆ ಹೇಳಿದ. ನಲವತ್ತು ವರ್ಷದಲ್ಲಿ ಮೊದಲ ಸಲ. ಕ್ರಮವಾಗಿ ಹೇಳಲು ಬರಲಿಲ್ಲ, ಹಿಂದಿನದು ಮುಂದೆ ಮುಂದಿನದು ಹಿಂದೆ ಆಯಿತು. ಗಾಳಿ ತುಂಬಿಸಿದ್ದು, ಒರೆಸಿದ್ದು, ತಾನು ಕುಣಿದದ್ದು, ಜ್ವರ ಎಂದು ಅಪ್ಪ ಬೀದಿಗೆಲ್ಲ ಸುಳ್ಳು ಹೇಳಿದ್ದು. "ಆಮೇಲೆ ಆ ಸೈಕಲ್ಲನ್ನ ನಾನು ಒಂದು ದಿನಾನೂ ಓಡಿಸಲಿಲ್ಲ. ಹಿತ್ತಲಲ್ಲಿ ತುಕ್ಕು ಹಿಡೀತು. ಸ್ವಲ್ಪ ದಿನ ಅತ್ತು ಸರಿ ಹೋಗ್ತೀವಿ ಅಂದ್ಯಲ್ಲ? ನಂಗೆ ಈಗ ಐವತ್ತೆರಡು. ಇನ್ನೂ ಸರಿ ಹೋಗಿಲ್ಲ ಕಣೇ. ಯಾಕೆ ಕೊಡ್ತಿದೀಯ ಅಂತ ಒಂದು ಮಾತು ಕೇಳಿದ್ರೆ ನಮ್ಮಣ್ಣ ಇರ್ತಿದ್ನೋ ಇಲ್ವೋ ಗೊತ್ತಿಲ್ಲ. ಆದ್ರೆ ಕೇಳಲಿಲ್ವಲ್ಲ. ಅದಕ್ಕೇ ನಿನ್ನ ಕೇಳ್ತಿದೀನಿ. ಬೈದ್ರೂ ಕೇಳ್ತೀನಿ. ದಿನಾ ಕೇಳ್ತೀನಿ."

ಮಗಳಿಗೆ ಅಳು ಬಂತು. ಬಹಳ ದಿನ ಕಟ್ಟಿದ್ದ ಅಳು, ಕೇಳಲು ಕಷ್ಟವಾಗುವಂಥದ್ದು. ಬಾಗಿಲ ಹತ್ತಿರ ತಾಯಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅವಳಿಗೆ ಮೊದಲು ಬಂದದ್ದು ಸಿಟ್ಟು, ಅದು ಅವಳ ಹುಟ್ಟುಗುಣ, ಭಯವಾದರೂ ಅವಳಿಗೆ ಸಿಟ್ಟೇ ಬರುವುದು. ಈ ಸಲ ಅದನ್ನು ಬಾಗಿಲಲ್ಲೇ ಬಿಟ್ಟಳು. ಬಂದು ಮಂಚದ ಮೇಲೆ ಮಗಳ ಬೆನ್ನಿಗೆ ಅಂಟಿಕೊಂಡು ಮಲಗಿ, ತೋಳು ಹಾಕಿ ಹಿಡಿದುಕೊಂಡಳು. "ಭಾರ ಅಂತೆ, ಭಾರ," ಎಂದಳು ಮಗಳ ಕೂದಲಿಗೆ. "ಹೊತ್ತವಳು ನಾನು. ನನ್ನನ್ನ ಕೇಳದೆ ನೀನು ಹೇಗೆ ತೂಗಿದೆ?"

ಮಧ್ಯಾಹ್ನವೇ ಡಾಕ್ಟರ ಹತ್ತಿರ ಹೊರಟರು. ನಾಳೆ ಹೋಗೋಣ ಎಂದು ಮಗಳು ಅಂದಳು. ಇವತ್ತು ಎಂದು ಅಪ್ಪ ಅಂದ. ಬಾಗಿಲ ಹೊರಗೆ ಆರೇಳು ಗಿರಾಕಿಗಳು ನಿಂತಿರುವುದು ಮೆಟ್ಟಿಲ ಕಿಟಕಿಯಿಂದಲೇ ಕಾಣುತ್ತಿತ್ತು. ದರ್ಜಿ ಮಗಳ ಕಡೆ ತಿರುಗಿ, "ಕೇಳ್ತಾರೆ. ಏನಂತ ಹೇಳ್ಲಿ?" ಎಂದ.

ಅವಳು ಸ್ವಲ್ಪ ಯೋಚಿಸಿದಳು. "ಏನಾದ್ರೂ ಹೇಳು. ಜ್ವರ ಅಂತ ಮಾತ್ರ ಹೇಳ್ಬೇಡ."

"ಏನಣ್ಣಾ, ಇಂಥ ಹೊತ್ತಲ್ಲಿ ಬಾಗಿಲು ಹಾಕಿದೀಯ?" ಎಂದರು ಹೊರಗೆ.

"ಮಗಳಿಗೆ ಹುಷಾರಿಲ್ಲ."

"ಜ್ವರಾನಾ?"

"ಜ್ವರ ಅಲ್ಲ," ಎಂದ ದರ್ಜಿ. "ಮನಸ್ಸಿಗೆ ಹುಷಾರಿಲ್ಲ. ತೋರಿಸೋಕೆ ಹೋಗ್ತಿದೀವಿ. ಬಟ್ಟೆ ತಡ ಆಗುತ್ತೆ." ಅಷ್ಟು ಹೇಳಿ ಮಗಳ ಕೈ ಹಿಡಿದು ನಡೆದ. ಹಿಂದೆ ಪಿಸುಪಿಸು ಎದ್ದಿತು, ಎದ್ದೇ ಏಳುತ್ತದೆ. ಅದರಲ್ಲೇ ಹೆಂಗಸೊಬ್ಬಳು, "ನಂದು ತಡ ಆದ್ರೂ ಪರವಾಗಿಲ್ಲ, ನಿಧಾನಕ್ಕೆ ಬನ್ನಿ" ಎಂದು ಕೂಗಿ ಹೇಳಿದ್ದು ಮೂವರಿಗೂ ಕೇಳಿಸಿತು.

ಡಾಕ್ಟರು ಕನ್ನಡಕದ, ದಪ್ಪ ದನಿಯ ಹೆಂಗಸು. ದರ್ಜಿ ಜೀವ ಒತ್ತೆಯಿಟ್ಟು ಕೇಳಿದ್ದ ಪ್ರಶ್ನೆಯನ್ನೇ ಆಕೆ, ರಾತ್ರಿ ಕೆಮ್ಮು ಬರುತ್ತಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು. ಮಗಳೊಬ್ಬಳ ಜೊತೆ ಒಂದು ಗಂಟೆ ಮಾತಾಡಿದಳು. ಆಮೇಲೆ ತಂದೆ ತಾಯಿಯನ್ನು ಕರೆದು ವಿಷಯ ಹೇಳಿದಳು: ಇದು ಕಾಯಿಲೆ, ಸೋಮಾರಿತನವಲ್ಲ, ಹಟವಲ್ಲ, ಇದಕ್ಕೆ ಔಷಧಿಯಿದೆ, ವಾರಕ್ಕೊಮ್ಮೆ ಬಂದು ಮಾತಾಡಬೇಕು. ಸದ್ಯಕ್ಕೆ ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದಳು. ಮನೆಯಲ್ಲಿ ಏನೇನನ್ನು ಬೀಗದೊಳಗೆ ಇಡಬೇಕು ಎಂದು ಒಂದೊಂದಾಗಿ ಹೇಳಿ, ದರ್ಜಿಯ ಕೈಯಲ್ಲೇ ಬರೆಸಿದಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಬೇಕಾದ ನಂಬರನ್ನೂ ಬರೆಸಿದಳು.

"ಕೇಳಿದ್ರೆ ಇಲ್ಲದ್ದು ತಲೆಗೆ ಹೋಗುತ್ತೆ ಅಂತ ನಾನು ತಡೆದೆ," ಎಂದಳು ತಾಯಿ, ತಲೆ ತಗ್ಗಿಸಿ.

"ಎಲ್ಲರೂ ಹಾಗೇ ಅಂದ್ಕೊಳ್ಳೋದು. ಕೇಳಿದ್ರೆ ಹೊಸದಾಗಿ ಏನೂ ಹುಟ್ಟಲ್ಲಮ್ಮ. ಒಬ್ಬಳೇ ಹೊತ್ಕೊಂಡಿದ್ದು ಹೊರಗೆ ಬರುತ್ತೆ, ಅಷ್ಟೆ."

"ಯಾವಾಗ ಸರಿ ಹೋಗ್ತಾಳೆ?" ಎಂದ ದರ್ಜಿ. ಗಿರಾಕಿಗಳು ಅವನನ್ನು ಕೇಳುವ ಹಾಗೆಯೇ ಕೇಳಿಬಿಟ್ಟಿದ್ದ.

"ತಾರೀಖು ಕೊಡೋಕೆ ಇದು ಷರಟಲ್ಲ," ಎಂದಳು ಡಾಕ್ಟರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಎದುರು ಬದಿಯಲ್ಲಿ ಕೋಟಿನ ಯಜಮಾನ ಬಂದ. ಎದೆಯ ಮೇಲೆ ಹಿತ್ತಾಳೆ ಗುಂಡಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಮೂವರೂ ಬೇರೆ ಬೇರೆ ಕಡೆ ನೋಡಿದರು. ಮಗಳ ತುಟಿಯ ಒಂದು ತುದಿ ಸ್ವಲ್ಪ ಎದ್ದು ಮತ್ತೆ ಇಳಿಯಿತು. ಅಷ್ಟೇ ಧೈರ್ಯದ ಮೇಲೆ ಅಪ್ಪ ಅಮ್ಮ ಆ ದಿನದ ಊಟ ಮಾಡಿದರು.

ಪಟ್ಟಿಯನ್ನು ಲಂಗಕ್ಕೆ ಮತ್ತೆ ಸೇರಿಸಿದವಳು ತಾಯಿ. ಯಂತ್ರದಲ್ಲಿ ಬೇಡವೆಂದು ಕೈಹೊಲಿಗೆಯಲ್ಲಿ ಸುತ್ತಲೂ ಸೇರಿಸಿ ಒಳಗೆ ಮಡಿಚಿದಳು. ಕತ್ತರಿಸಿದ್ದು ಕತ್ತರಿಸಿದ್ದೇ, ಜೋಡಿಸಿದ ಗೆರೆ ಕಾಣುತ್ತಿತ್ತು. ಅದನ್ನು ಮುಚ್ಚಲು ದರ್ಜಿ ಕೈ ಹಾಕಲಿಲ್ಲ, ಮುಚ್ಚುವ ಕೆಲಸ ಅವನಿಗೆ ಸಾಕಾಗಿತ್ತು.

ಆಮೇಲಿನದು ಏರುದಾರಿಯೂ ಅಲ್ಲ, ಇಳಿಜಾರೂ ಅಲ್ಲ. ಔಷಧಿ ಬಾಯಿ ಒಣಗಿಸುತ್ತದೆಂದು ಎರಡು ದಿನ ಹಟ ಮಾಡಿದಳು. ಮೂರನೆಯ ವಾರ ಹಾಲು ಕುಡಿದಳು, ಐದನೆಯ ವಾರ ಮತ್ತೆ ಗೋಡೆಯ ಕಡೆ ತಿರುಗಿದಳು, ಮನೆಯವರ ಜೀವ ಬಾಯಿಗೆ ಬಂತು. ಪಕ್ಕದ ಮನೆಯ ಪುಟ್ಟಿ ಡಬ್ಬಿಯನ್ನು ವಾಪಸು ತಂದು, "ಅಕ್ಕಾ, ಅರ್ಧ ಅರ್ಧ ಇಟ್ಕೊಳ್ಳೋಣ" ಎಂದು ಮೆಟ್ಟಿಲ ಮೇಲೆ ಗುಂಡಿಗಳನ್ನು ಎಣಿಸಲು ಕೂತಳು. ಇಬ್ಬರೂ ಮೂರು ಸಂಜೆ ಎಣಿಸಿದರು. ಕೆಟ್ಟ ದಿನ ಬಂದರೆ ಕಾರಣ ಹುಡುಕುವುದು ಬೇಡ, 'ಇವತ್ತು ಚೆನ್ನಾಗಿಲ್ಲ' ಅನ್ನು ಸಾಕು ಎಂದು ಡಾಕ್ಟರು ಮಗಳಿಗೆ ಹೇಳಿಕೊಟ್ಟಿದ್ದಳು. ಒಂದು ದಿನ ಅಂಗಡಿಯ ತುಂಬ ಜನ ಇರುವಾಗಲೇ ಅವಳು ಕೆಳಗೆ ಬಂದು ಯಂತ್ರದ ಪಕ್ಕ ನಿಂತು, "ಅಪ್ಪಾ, ಇವತ್ತು ಚೆನ್ನಾಗಿಲ್ಲ" ಅಂದಳು. ದರ್ಜಿ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳನ್ನು ಹಾಗೇ ಬಿಟ್ಟು ಎದ್ದ. ಅವಳು ಬಂದು ಹೇಳಿದಳಲ್ಲ, ಅದು ಅವನಿಗೆ ಮೊದಲ ಸಿಳ್ಳೆ ಕೇಳಿದಷ್ಟು ದೊಡ್ಡದು.

ನಿಜವಾದ ಸಿಳ್ಳೆ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ತಾಯಿ ಬೈಯಲಿಲ್ಲ. ಕಾಜಾ ಮಾಡುತ್ತ ಕಣ್ಣೊರೆಸಿಕೊಂಡು, "ಈ ದಾರದ ಧೂಳು" ಅಂದಳು.

ಮತ್ತೆ ಸಮವಸ್ತ್ರದ ಹದಿನೈದು ದಿನ ಬಂತು. ಈ ಸಲ ಊರಿನವರ ಬಟ್ಟೆಗೆಲ್ಲ ಮೊದಲು ದರ್ಜಿ ಮಗಳನ್ನು ಮಣೆಯ ಮೇಲೆ ನಿಲ್ಲಿಸಿದ. ಟೇಪು ಸುತ್ತಿದ. ಬಟ್ಟೆಯನ್ನಲ್ಲ, ಮುಖವನ್ನು ನೋಡುತ್ತಿದ್ದ. ಇಪ್ಪತ್ತಾರು. ಬರೆದ. ಉದ್ದ ಮುಕ್ಕಾಲಿಂಚು ಹೆಚ್ಚಾಗಿತ್ತು. ಅದನ್ನೂ ಬರೆದ. ಮುಂದಿನ ಜಾಗಕ್ಕೆ ಬಂದು ಪೆನ್ಸಿಲು ನಿಂತಿತು. ಅಪ್ಪನ ಕಾಲದಿಂದ ಯಾರನ್ನೂ ಕೇಳದ ಮಾತನ್ನು ಮೊದಲ ಬಾರಿಗೆ ಕೇಳಿದ.

"ಮಡಿಕೆ ಎಷ್ಟು ಬಿಡ್ಲಿ?"

ಪಕ್ಕದಲ್ಲಿ ತಾಯಿಯ ಸೂಜಿಯೂ ನಿಂತಿತು. ಮಗಳು ಅವಸರ ಮಾಡಲಿಲ್ಲ. ಅಪ್ಪನ ಸಮಾಧಾನಕ್ಕೆ ಎರಡು ಎಂದುಬಿಡಬಹುದಿತ್ತು, ಹಾಗೆ ಹೇಳಲಿಲ್ಲ. ಮಣೆಯ ಮೇಲೆ ನಿಂತು ತನ್ನ ಕಾಲಿನ ಕಡೆ ನೋಡುತ್ತ, ನಿಜವಾಗಿ ಲೆಕ್ಕ ಹಾಕಿದಳು.

"ಒಂದಿಂಚು ಬಿಡು."

"ಒಂದೇ?"

"ಸದ್ಯಕ್ಕೆ ಒಂದು," ಎಂದಳು. "ಮುಂದಿನ ವರ್ಷ ಮತ್ತೆ ಕೇಳು."

"ಕೇಳ್ತೀನಿ," ಎಂದ ಅಪ್ಪ. ಪುಸ್ತಕದಲ್ಲಿ ಒಂದು ಎಂದು ಬರೆದು, ಅವಳು ಇಳಿಯಲು ಕೈ ಕೊಟ್ಟ.